ಶೇಡ್ ಕಾರ್ಡಿನ ಕೆನೆ, ಗೋಡೆಯ ಗುಲಾಬಿ

ಹಾಲ್‌ಗೆ ಕೆನೆ ಬಣ್ಣ ಆರಿಸಿದ್ದೆವು. ಎರಡನೇ ಕೋಟ್ ಒಣಗಿದ ಮಧ್ಯಾಹ್ನ ನೋಡಿದರೆ ಗೋಡೆಯ ಕೆಳಗಿನ ಅರ್ಧ ನಸುಗುಲಾಬಿ. ಪೇಂಟರನ್ನು ಕರೆದು ಕೇಳಿದಾಗ ಅವರು ಡಬ್ಬಿಯ ಮುಚ್ಚಳವನ್ನು ಶೇಡ್ ಕಾರ್ಡಿನ ಪಕ್ಕ ಹಿಡಿದರು. “ನೀವು ತೋರಿಸಿದ ನಂಬರೇ ಅಲ್ವಾ ಮೇಡಂ?” ನಂಬರು ಸರಿಯಾಗೇ ಇತ್ತು. ತಪ್ಪು ನೆಲದ್ದು. ನಮ್ಮದು ಹಳೆಯ ರೆಡ್ ಆಕ್ಸೈಡ್ ನೆಲ. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು, ಕೆಂಪು ಹೊತ್ತುಕೊಂಡೇ ಗೋಡೆಗೆ ಏರುತ್ತಿತ್ತು. ಜಮಖಾನ ಹಾಸಿದೆವು, ಗುಲಾಬಿ ಅರ್ಧ ಇಳಿಯಿತು.

“ಕಾರ್ಡಿನಲ್ಲಿ ಕಂಡದ್ದೇ ಗೋಡೆಗೆ ಬರುತ್ತದೆ” ಎಂಬುದು ಈ ವಿಷಯದ ಅತಿ ದುಬಾರಿ ನಂಬಿಕೆ. ತಿಳಿ ಬಣ್ಣಕ್ಕೆ ಸ್ವಂತದ್ದು ಕಡಿಮೆ, ನೆರೆಯವರದ್ದು ಬೇಗ ಅಂಟುತ್ತದೆ. ಕಿಟಕಿಯಾಚೆ ಹೊಂಗೆಮರವಿದ್ದರೆ ಬಿಳಿ ಗೋಡೆಗೂ ಹಸಿರು ಸೋಕುತ್ತದೆ. ಸಾಲದ್ದಕ್ಕೆ ಗೋಡೆಗಳು ತಮ್ಮತಮ್ಮಲ್ಲೇ ಬೆಳಕು ಎಸೆದಾಡುತ್ತವೆ. ಪ್ರತಿ ಸಲ ಪುಟಿದಾಗಲೂ ಬಣ್ಣ ಒಂದಿಷ್ಟು ಗಾಢವಾಗುತ್ತದೆ. ಎರಡು ಬೆರಳಗಲದ ಚೀಟಿಯಲ್ಲಿ ಸೌಮ್ಯವಾಗಿದ್ದ ಹಳದಿ ನಾಲ್ಕೂ ಗೋಡೆಗೆ ಬಳಿದ ಮೇಲೆ ಕಣ್ಣಿಗೆ ರಾಚುವುದು ಇದರಿಂದಲೇ. ಮನಸ್ಸಿಗೆ ಹಿಡಿಸಿದ್ದಕ್ಕಿಂತ ಒಂದು ಮೆಟ್ಟಿಲು ತೆಳುವಾದದ್ದನ್ನೇ ಆರಿಸಿ.

ಹಾಗಾದರೆ ಹಳೆಯ ಗೋಡೆಯ ಮೇಲೆ ಒಂದು ಪಟ್ಟಿ ಬಳಿದು ನೋಡಿದರಾಯ್ತಲ್ಲ? ಅಲ್ಲೂ ಕಣ್ಣು ಮೋಸಹೋಗುತ್ತದೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರಲ್‌ಗೆ, ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ನೂಲು ಚೆನ್ನಾಗಿಯೇ ಇತ್ತು. ಪಕ್ಕದ ನೂಲುಗಳ ಬಣ್ಣ ಅದನ್ನು ಹಾಗೆ ಕಾಣಿಸುತ್ತಿತ್ತು. ಇದರ ಮೇಲೆ ಅವನು 1839ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಬರೆದ. ನಮ್ಮ ಮನೆಯಲ್ಲೂ ಅಷ್ಟೇ: ಹಳೆಯ ಪಿಸ್ತಾ ಹಸಿರಿನ ನಡುವೆ ಬಳಿದ ಬೂದು ಪಟ್ಟಿ ಕೆಂಪುಕೆಂಪಾಗಿ ಕಾಣುತ್ತದೆ. ಎರಡಡಿ ಚೌಕದ ರಟ್ಟಿಗೆ ಎರಡು ಕೋಟ್ ಬಳಿದು, ಅಂಚಿನಲ್ಲಿ ಬಿಳಿ ಬಿಟ್ಟು, ಗೋಡೆಯಿಂದ ಗೋಡೆಗೆ ಒರಗಿಸುತ್ತಾ ಬೆಳಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ ನೋಡಿ. ಒದ್ದೆಯಲ್ಲಿ ತೀರ್ಪು ಬೇಡ. ಎಮಲ್ಷನ್ ಸಾಮಾನ್ಯವಾಗಿ ಒಣಗಿದ ಮೇಲೆ ತುಸು ಗಾಢವಾಗುತ್ತದೆ.

“ಉತ್ತರದ ಕೋಣೆಗೆ ಬಿಸಿಲೇ ಇಲ್ಲ, ಅಲ್ಲಿಗೆ ಹಳದಿ ಬೆರೆತದ್ದೇ ಆಗಬೇಕು” ಎಂಬ ಸಲಹೆ ಲಂಡನ್ನಿಗೆ ಬಹುಮಟ್ಟಿಗೆ ಸರಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಜೂನ್ ತಿಂಗಳಲ್ಲಿ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಗೇ ಓರೆ ಬಿಸಿಲು. (ಮೋಡ ಬಿಟ್ಟರೆ!) ವಿದೇಶಿ ಪುಸ್ತಕದ ದಿಕ್ಕಿನ ಪಟ್ಟಿಯನ್ನು ಹಾಗೇ ಪಾಲಿಸುವುದಕ್ಕಿಂತ ಒಂದು ದಿನ ಆ ಕೋಣೆಯಲ್ಲಿ ಕೂತು ನೋಡುವುದು ಮೇಲು.

ಕತ್ತಲೆ ಕೋಣೆಗೆ ತಿಳಿ ಬಣ್ಣ ಬಳಿದರೆ ತಾನಾಗಿ ಬೆಳಕಾಗುತ್ತದೆ ಎಂಬುದೂ ಅರ್ಧ ಸತ್ಯ. ಗೋಡೆ ಬೆಳಕನ್ನು ಹುಟ್ಟಿಸುವುದಿಲ್ಲ, ಬಿದ್ದದ್ದನ್ನು ವಾಪಸು ಕೊಡುತ್ತದೆ. ಎಷ್ಟು ಕೊಡುತ್ತದೆ ಎಂಬುದಕ್ಕೆ ಎಲ್‌ಆರ್‌ವಿ ಎಂಬ ಅಳತೆಯಿದೆ: ಕಡುಗಪ್ಪಿಗೆ 0, ಅಪ್ಪಟ ಬಿಳಿಗೆ 100. ಬೀಳುವುದೇ ಚೂರಾದರೆ ಅದರ 80 ಪಾಲೂ ಚೂರೇ. ಅಲ್ಲಿ ಕೆನೆ ಬಣ್ಣ ಮಾಸಿದ ಪಂಚೆಯಂತೆ ಕಾಣುತ್ತದೆ.

ತಿಳಿ ಬಣ್ಣ ಬೇಗ ಕೊಳೆಯಾಗುತ್ತದೆ ಎಂದು ಹೆದರುವವರು ಬಣ್ಣದ ಬದಲು ಫಿನಿಶ್ ವಿಚಾರಿಸಲಿ. ಡಿಸ್ಟೆಂಪರ್ ಒರೆಸಿದರೆ ಬಟ್ಟೆಗೇ ಬರುತ್ತದೆ, ಒಳ್ಳೆಯ ಎಮಲ್ಷನ್ ತಡೆಯುತ್ತದೆ.

ಇನ್ನು, “ಬಿಳಿ ಅಂದರೆ ಬಿಳಿ, ಅದರಲ್ಲೇನು ಆರಿಸೋದು?” ಸುಣ್ಣದ ಬಕೆಟ್ಟಿಗೆ ಚಿಟಿಕೆ ನೀಲಿ ಹಾಕುತ್ತಿದ್ದ ಅಜ್ಜಿಯರಿಗೆ ಈ ಭ್ರಮೆ ಇರಲಿಲ್ಲ. ಸುಣ್ಣದ ಹಳದಿ ಛಾಯೆಯನ್ನು ನೀಲಿ ಮರೆಸುತ್ತದೆ, ಗೋಡೆ ಇನ್ನಷ್ಟು ಬೆಳ್ಳಗೆ ತೋರುತ್ತದೆ. ಆದರೆ ಅದನ್ನು ಮಿಶ್ರಣ ಮಾಡಿದ್ದು ಹಗಲಿನ ಬೆಳಕಿಗೆ. ಈಗ ಅದೇ ನೀಲಿಬಿಳಿ 6500 ಕೆಲ್ವಿನ್‌ನ ಎಲ್‌ಇಡಿ ಕೆಳಗೆ ಆಸ್ಪತ್ರೆಯ ವಾರ್ಡು. 3000 ಕೆಲ್ವಿನ್‌ನ ಹಳದಿ ಬಲ್ಬಿನ ಕೆಳಗೆ ನೀಲಿಯ ಸುಳಿವೇ ಇಲ್ಲ. ಬೆಳಕಿನ ಛಾಯೆ ಹೇಳುವ ಆ ಅಂಕಿ ಬಲ್ಬಿನ ಪೆಟ್ಟಿಗೆಯ ಮೇಲೇ ಅಚ್ಚಾಗಿರುತ್ತದೆ. ಪೇಂಟ್ ಅಂಗಡಿಗೆ ಹೊರಡುವ ಮುಂಚೆ ಓದಿಕೊಳ್ಳಿ.