ಕೊಯ್ಲಿಗೆ ಮುನ್ನವೇ ಕೃತಜ್ಞತೆ



ಸೆಪ್ಟೆಂಬರ್ 8ರಂದು ಧರ್ಮಸಭೆ ಮಾತೆ ಮರಿಯಮ್ಮನವರ ಜನನೋತ್ಸವವನ್ನು ಆಚರಿಸುತ್ತದೆ. ಕರಾವಳಿಯ ಕಥೋಲಿಕರಾದ ನಮಗೆ ಅದೇ ಮೊಂತಿ ಹಬ್ಬ, ಅದೇ ತೆನೆ ಹಬ್ಬ. ಒಂಬತ್ತು ದಿನಗಳ ನೊವೇನದಲ್ಲಿ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲೆ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಗುರುಗಳು ಆಶೀರ್ವದಿಸುತ್ತಾರೆ. ಪ್ರತಿ ಕುಟುಂಬಕ್ಕೂ ಅವು ಹಂಚಲ್ಪಡುತ್ತವೆ. ಮನೆಯಲ್ಲಿ ಆ ಕಾಳುಗಳನ್ನು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥಿಸಿ, ಎಲ್ಲರೂ ಸೇವಿಸುತ್ತೇವೆ. ದೂರದೂರಿನಲ್ಲಿ ದುಡಿಯುವ ಮಕ್ಕಳಿಗೂ ಲಕೋಟೆಯಲ್ಲಿ ನಾಲ್ಕು ಕಾಳು ಹೋಗುವುದುಂಟು.

ಈ ಆಚರಣೆಯಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಅಂದು ಬಲಿಪೀಠದ ಮುಂದೆ ಬರುವುದು ಮೊದಲ ತೆನೆ ಮಾತ್ರ. ಬಹುಪಾಲು ಪೈರು ಇನ್ನೂ ಗದ್ದೆಯಲ್ಲೇ ಇರುತ್ತದೆ. ಜೋರು ಮಳೆಗೆ ಅದು ನೆಲಕಚ್ಚಬಹುದು, ಹಂದಿಗಳು ನುಗ್ಗಬಹುದು. ಆದರೂ ಕಣಜ ತುಂಬಿದ ಮೇಲೆ ಲೆಕ್ಕ ನೋಡಿ ವಂದಿಸೋಣವೆಂದು ನಮ್ಮ ಹಿರಿಯರು ಕಾಯಲಿಲ್ಲ. ಪಡೆದ ಮೇಲೆ ಹೇಳುವ ಧನ್ಯವಾದ ಒಳ್ಳೆಯ ನಡತೆ. ಕೈಸೇರುವ ಮುನ್ನವೇ ಹೇಳುವ ಧನ್ಯವಾದ ವಿಶ್ವಾಸ.

ಪವಿತ್ರ ಗ್ರಂಥ ನಮಗೆ ಇದನ್ನೇ ಕಲಿಸುತ್ತದೆ. ಮಾತೆ ಮರಿಯಮ್ಮನವರು ಎಲಿಜಬೇತಳ ಮನೆಯಲ್ಲಿ ದೇವರನ್ನು ಕೊಂಡಾಡಿದಾಗ ಯೇಸುಕಂದ ಇನ್ನೂ ಜನಿಸಿರಲಿಲ್ಲ. ಬೆಥಾನಿಯದಲ್ಲಿ ಪ್ರಭು ಯೇಸು ಪಿತನಿಗೆ ಕೃತಜ್ಞತೆ ಸಲ್ಲಿಸಿದ್ದು ಲಾಸರನು ಸಮಾಧಿಯಿಂದ ಹೊರಬಂದ ಮೇಲಲ್ಲ, ಅದಕ್ಕೆ ಮೊದಲು (ಯೊವಾನ್ನ 11:41). ಶಿಲುಬೆಯ ಹಿಂದಿನ ರಾತ್ರಿ, ತಮ್ಮನ್ನು ಹಿಡಿದುಕೊಡುವವನು ಪಂಕ್ತಿಯಲ್ಲೇ ಇದ್ದಾನೆಂದು ತಿಳಿದಿದ್ದರೂ, ಅವರು ರೊಟ್ಟಿಯನ್ನು ಕೈಗೆತ್ತಿಕೊಂಡು ಕೃತಜ್ಞತೆ ಸಲ್ಲಿಸಿದರು. ನಮ್ಮ ಪರಮ ಪ್ರಸಾದಕ್ಕಿರುವ ‘ಯೂಕರಿಸ್ತ್’ ಎಂಬ ಹೆಸರು ಗ್ರೀಕ್ ಭಾಷೆಯ ‘ಕೃತಜ್ಞತೆ’ ಎಂಬ ಪದದಿಂದಲೇ ಬಂದಿದೆ. ಪ್ರತಿ ಬಲಿಪೂಜೆಯಲ್ಲೂ ನಾವು ಆ ರಾತ್ರಿಯ ಕೃತಜ್ಞತೆಯಲ್ಲಿ ಪಾಲುಗೊಳ್ಳುತ್ತೇವೆ.

ಆದರೆ ಹಬ್ಬದ ದಿನವೂ ಕಣ್ಣೀರು ಆರದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿವೆ. ಕಳೆದ ಹಬ್ಬಕ್ಕೆ ಪಂಕ್ತಿಯಲ್ಲಿದ್ದವರು ಈ ಹಬ್ಬಕ್ಕೆ ಇಲ್ಲ. ಮಗನ ಕೆಲಸ ಹೋಗಿದೆ. ಮದ್ದಿನ ಖರ್ಚಿಗೆ ಒಡವೆ ಅಡವಿಟ್ಟಾಗಿದೆ. “ಫಾದರ್, ನಾವು ಯಾವುದಕ್ಕೆ ಧನ್ಯವಾದ ಹೇಳಬೇಕು?” ಎಂಬ ಅವರ ಪ್ರಶ್ನೆಯನ್ನು ಅವಿಶ್ವಾಸವೆಂದು ತಳ್ಳಿಹಾಕುವಂತಿಲ್ಲ. ಸಂತ ಪೌಲರು ಥೆಸಲೋನಿಕದವರಿಗೆ ಬರೆದದ್ದನ್ನು ಗಮನವಿಟ್ಟು ಓದೋಣ (1 ಥೆಸ 5:18). ಎಲ್ಲಾ ಸಂದರ್ಭಗಳಲ್ಲಿಯೂ ಕೃತಜ್ಞರಾಗಿರಲು ಅವರು ಹೇಳುತ್ತಾರೆಯೇ ಹೊರತು, ಬಂದೆರಗಿದ ಕೇಡಿಗಾಗಿ ಕೃತಜ್ಞರಾಗಿರಿ ಎನ್ನುವುದಿಲ್ಲ. ಸಾವು ಬಂದುದಕ್ಕಾಗಿ ವಂದಿಸಲು ದೇವರು ನಮ್ಮನ್ನು ಕೇಳುವುದಿಲ್ಲ. ಲಾಸರನ ಸಮಾಧಿಯ ಬಳಿ ಕೃತಜ್ಞತೆ ಸಲ್ಲಿಸಿದ ಪ್ರಭುವೇ ಅದಕ್ಕೆ ಮೊದಲು ಕಣ್ಣೀರಿಟ್ಟರು. ಅಳುವ ಕಣ್ಣಿಗೂ ವಂದಿಸುವ ಬಾಯಿಗೂ ವಿರೋಧವಿಲ್ಲ. ‘ಈ ಕತ್ತಲೆಯಲ್ಲೂ ನೀವು ನನ್ನ ಕೈಬಿಟ್ಟಿಲ್ಲ’ ಎಂದು ದೇವರಿಗೆ ಹೇಳುವ ಒಂದು ಮಾತೇ ಸಾಕು.

ಇಂಥ ಕೃತಜ್ಞತೆ ನಮ್ಮ ಮನೆಯೊಳಗೇ ಮುಗಿಯುವುದಿಲ್ಲ. ಪ್ರಥಮ ಫಲಗಳ ಬುಟ್ಟಿಯನ್ನು ದೇವರ ಮುಂದಿಟ್ಟ ಇಸ್ರಯೇಲರು ಲೇವಿಯರೊಂದಿಗೂ ಪರದೇಶಿಯರೊಂದಿಗೂ ಸೇರಿ ಸಂತೋಷಪಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ (26:11). ಆದ್ದರಿಂದ ಹಬ್ಬದೂಟಕ್ಕೆ ಕೂರುವ ಮುನ್ನ ಒಮ್ಮೆ ಯೋಚಿಸೋಣ. ವಾಳೆಯಲ್ಲಿ ಒಂಟಿಯಾಗಿರುವ ಅಜ್ಜಿಗೆ ಇನ್ನೊಂದು ಬಾಳೆಎಲೆ ಹಾಕಬಹುದಲ್ಲವೇ? ದುಃಖದಲ್ಲಿರುವ ಮನೆಗೆ ಪಾಯಸ ಕಳುಹಿಸಿ ಸುಮ್ಮನಾಗದೆ, ನಾವೇ ಹೋಗಿ ಅವರೊಂದಿಗೆ ಒಂದು ಗಳಿಗೆ ಕೂರಬಹುದಲ್ಲವೇ? ವಂದಿಸಲು ದನಿಯೇ ಬಾರದವರ ಪರವಾಗಿ ಅಂದು ನಾವು ವಂದಿಸೋಣ. ನಮ್ಮ ದನಿ ಉಡುಗುವ ದಿನ ಅವರು ನಮಗಾಗಿ ವಂದಿಸುತ್ತಾರೆ.

ಮಾತೆ ಮರಿಯಮ್ಮನವರ ಪ್ರಾರ್ಥನೆಯಿಂದ ದೇವರು ನಿಮ್ಮ ಕುಟುಂಬಗಳನ್ನೂ ನಿಮ್ಮ ಬೆಳೆಯನ್ನೂ ಹರಸಲಿ. ಎಲ್ಲರಿಗೂ ತೆನೆ ಹಬ್ಬದ ಶುಭಾಶಯಗಳು.