ಹೊಣೆ ಎಂಬ ಮಾತಿನ ಅರ್ಥ: ಅಪಾಯಕರ ಉದ್ಯಮಗಳೂ ಕಂಪನಿಗಳ ಕರ್ತವ್ಯವೂ

ತುಂಗಭದ್ರೆಯ ಬಲದಂಡೆಯಲ್ಲಿ ಹರಿಹರ ಕ್ಷೇತ್ರವಿದೆ, ಎಡದಂಡೆಯಲ್ಲಿ ಕುಮಾರಪಟ್ಟಣವಿದೆ. ಹರಿಹರೇಶ್ವರ ದೇವಾಲಯವು ಹೊಯ್ಸಳರ ಕಾಲದ, ಹದಿಮೂರನೆಯ ಶತಮಾನದ ನಿರ್ಮಾಣ. ಎದುರು ದಂಡೆಯ ಹೊಗೆಗೊಳವೆಗಳು 1972ರಿಂದ ಈಚಿನವು. ಆ ವರ್ಷ ಅಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಮರದ ತಿರುಳಿನ ಕಾರ್ಖಾನೆಯು ಆರಂಭವಾಯಿತು. 1977ರಲ್ಲಿ ಅದರ ಮಗ್ಗುಲಲ್ಲಿಯೇ ಆ ತಿರುಳಿನಿಂದ ಕೃತಕ ನೂಲಿನ ಎಳೆಯನ್ನು ತಯಾರಿಸುವ ಗ್ರಾಸಿಲೀನ್ ವಿಭಾಗವು ತಲೆಯೆತ್ತಿತು. ಎರಡೂ ಗ್ವಾಲಿಯರ್ ರೇಯಾನ್ ಕಂಪನಿಗೆ, ಎಂದರೆ ಮುಂದೆ ಗ್ರಾಸಿಮ್ ಎಂದು ಹೆಸರಾದ ಸಂಸ್ಥೆಗೆ ಸೇರಿದವು. ಹೆಸರು ಹರಿಹರದ್ದು, ನೆಲ ಮಾತ್ರ ರಾಣೇಬೆನ್ನೂರು ತಾಲ್ಲೂಕಿನದು. ಈ ಸಣ್ಣ ವಿಪರ್ಯಾಸದ ಪರಿಣಾಮವು ಅಷ್ಟು ಸಣ್ಣದಲ್ಲ.

ಈ ಭಾಗದ ಅಸಂಖ್ಯ ಕುಟುಂಬಗಳಿಗೆ ಈ ಕಾರ್ಖಾನೆಗಳು ಅನ್ನ ನೀಡಿರುವುದು ಸರ್ವವಿದಿತ. ಅನ್ನವಿತ್ತವರನ್ನು ಹೊಣೆ ಕೇಳುವುದು ಕೃತಘ್ನತೆಯೆಂದು ಭಾವಿಸುವವರು ಇಂದಿಗೂ ಉಂಟು. ಆದುದರಿಂದ ‘ಹೊಣೆ’ ಎಂಬ ಮಾತಿನ ಅರ್ಥವನ್ನೇ ಮೊದಲು ವಿಚಾರಿಸುವುದು ಯುಕ್ತ. ಹಳಗನ್ನಡದಲ್ಲಿ ಇದು ‘ಪೊಣೆ’, ಅರ್ಥ ಜಾಮೀನು. ಒಬ್ಬನಿಗಾಗಿ ಪೊಣೆ ನಿಂತವನು ಕೆಡುಕು ಸಂಭವಿಸಿದ ಮೇಲೆ ಬಂದು ಸೇರಿದವನಲ್ಲ, ವ್ಯವಹಾರದ ಮೊದಲ ಗಳಿಗೆಯಿಂದಲೂ ನಿಂತಿರುವವನು. ಪಾರಸಿ ಮೂಲದಿಂದ ಬಂದ ‘ಜವಾಬ್ದಾರಿ’ಯಾದರೋ ‘ಜವಾಬು’ ಎಂಬುದರಿಂದ ಹುಟ್ಟಿದ್ದು. ಕೇಳಿದಾಗ ಉತ್ತರ ಕೊಡಬೇಕಾದ ಸ್ಥಿತಿ. ಒಂದು ಮಾತು ಮುಂಚಿತವಾಗಿ ನಿಲ್ಲುವುದನ್ನು ಸೂಚಿಸುತ್ತದೆ, ಇನ್ನೊಂದು ಆಮೇಲೆ ಹೇಳುವುದನ್ನು. ಅಪಾಯಕರ ಉದ್ಯಮಗಳ ವಿಷಯದಲ್ಲಿ ನ್ಯಾಯಶಾಸ್ತ್ರವು ಕಳೆದ ಒಂದೂವರೆ ಶತಮಾನದಲ್ಲಿ ನಡೆದು ಬಂದ ದಾರಿಯು ಜವಾಬಿನಿಂದ ಪೊಣೆಯ ಕಡೆಗೆ ಸಾಗಿದ ದಾರಿಯೇ ಆಗಿದೆ.

ಅಪಾಯವೆಂದರೇನೆಂಬುದನ್ನು ಅರಿಯದೆ ಹೊಣೆಯ ಚರ್ಚೆ ನಿರರ್ಥಕ. ಮರದ ತಿರುಳು ಎಳೆಯಾಗುವ ಬಗೆ ಹೀಗಿದೆ: ತಿರುಳನ್ನು ಕಾಸ್ಟಿಕ್ ಸೋಡದಲ್ಲಿ ನೆನೆಯಿಸಿ, ಹಿಂಡಿ, ಪುಡಿಮಾಡಿ, ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದೊಡನೆ ಬೆರೆಸುತ್ತಾರೆ. ಆಗ ಉಂಟಾದ ಕಿತ್ತಳೆ ಬಣ್ಣದ ಪದಾರ್ಥವನ್ನು ಮತ್ತೆ ಸೋಡದಲ್ಲಿ ಕರಗಿಸಿದರೆ ಜೇನುತುಪ್ಪದಂತಹ ಪಾಕ ಸಿದ್ಧವಾಗುತ್ತದೆ, ಇದೇ ವಿಸ್ಕೋಸ್. ಸೂಕ್ಷ್ಮ ರಂಧ್ರಗಳ ಮೂಲಕ ಈ ಪಾಕವನ್ನು ಗಂಧಕಾಮ್ಲದ ತೊಟ್ಟಿಗೆ ಚಿಮ್ಮಿಸಿದಾಗ ಅದು ಎಳೆಎಳೆಯಾಗಿ ಗಟ್ಟಿಗೊಳ್ಳುತ್ತದೆ. ಬಟ್ಟೆಯಂಗಡಿಯಲ್ಲಿ ರೇಯಾನ್ ಎಂದು ಮಾರಾಟವಾಗುವ ಹೊಳಪಿನ ವಸ್ತ್ರದ ಪೂರ್ವಾಶ್ರಮ ಇದು. ಎಳೆ ಗಟ್ಟಿಯಾಗುವ ಆ ಕ್ಷಣದಲ್ಲಿಯೇ ಕಾರ್ಬನ್ ಡೈಸಲ್ಫೈಡಿನ ಆವಿಯೂ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವೂ ಹೊರಬೀಳುತ್ತವೆ.

ಕಾರ್ಬನ್ ಡೈಸಲ್ಫೈಡ್ 46 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿಯೇ ಕುದಿಯುತ್ತದೆ. ಇದರ ಆವಿ ಹೊತ್ತಿಕೊಳ್ಳಲು ಕಿಡಿಯೇ ಬೇಕೆಂದಿಲ್ಲ. ಸುಮಾರು 100 ಡಿಗ್ರಿ ಕಾವಿನ ಹಬೆಯ ಕೊಳವೆ ತಾಗಿದರೂ ಸಾಕು. ನೀರಿಗಿಂತ ಭಾರವಾದುದರಿಂದ ಇದನ್ನು ನೀರಿನ ಪದರದ ಕೆಳಗೆ ಸಂಗ್ರಹಿಸಿಡುತ್ತಾರೆ. ಹೊತ್ತಿಕೊಳ್ಳುವ ದ್ರವವನ್ನು ನೀರಿನ ಕೆಳಗೆ ಮಲಗಿಸಿಡುವ ಈ ಯುಕ್ತಿ ಸೊಗಸಾದುದೇ ಸರಿ, ಆದರೆ ಆ ನೀರು ಸದಾ ಅಲ್ಲಿರುವಂತೆ ನೋಡಿಕೊಳ್ಳುವ ಕಣ್ಣು ಬೇಕು. ಇದರ ಆವಿಯನ್ನು ಬಹುಕಾಲ ಸೇವಿಸಿದ ಕೆಲಸಗಾರರ ನರಮಂಡಲ ಕೆಡುತ್ತದೆಂಬುದನ್ನು ಫ್ರಾನ್ಸಿನ ವೈದ್ಯ ಡೆಲ್ಪೆಕ್ 1856ರಷ್ಟು ಹಿಂದೆಯೇ, ರಬ್ಬರ್ ಕೆಲಸಗಾರರನ್ನು ಪರೀಕ್ಷಿಸಿ ಬರೆದಿಟ್ಟನು. ಹೃದ್ರೋಗದ ಸಂಬಂಧವು ಇಪ್ಪತ್ತನೆಯ ಶತಮಾನದಲ್ಲಿ ರೇಯಾನ್ ಕೆಲಸಗಾರರ ಪರೀಕ್ಷೆಯಿಂದ ತಿಳಿದುಬಂದಿತು.

ಹೈಡ್ರೋಜನ್ ಸಲ್ಫೈಡ್ ಇನ್ನೂ ಕಪಟಿ. ಅಲ್ಪ ಪ್ರಮಾಣದಲ್ಲಿ ಇದು ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ. ಪ್ರಮಾಣ ಅಪಾಯದ ಮಟ್ಟಕ್ಕೇರಿದಾಗ ಮೂಗಿನ ಘ್ರಾಣಶಕ್ತಿಯನ್ನೇ ಕುಂಠಿತಗೊಳಿಸುತ್ತದೆ. ಎಂದರೆ ನಾತ ನಿಂತಿತೆಂದು ಕೆಲಸಗಾರನು ನಿಟ್ಟುಸಿರು ಬಿಡುವ ಹೊತ್ತೇ ಅವನು ಓಡಬೇಕಾದ ಹೊತ್ತು. ಬಿದ್ದವನನ್ನು ಎತ್ತಲು ಗುಂಡಿಗಿಳಿದವನೂ ಅಲ್ಲಿಯೇ ಬೀಳುವ ದುರಂತಗಳಿಗೆ ಬಹುಮಟ್ಟಿಗೆ ಇದೇ ಕಾರಣ. ಎಂತಹ ಅನುಭವಶಾಲಿಯೂ ತನ್ನ ಮೂಗನ್ನು ನಂಬಿ ಇದನ್ನು ಕಂಡುಹಿಡಿಯಲಾರನು. ಹೇಳಿಕೊಟ್ಟರೆ ಮಾತ್ರ ತಿಳಿಯುತ್ತದೆ. ಹೇಳಬಲ್ಲವರು ಯಾರು? ಆ ವಸ್ತುವನ್ನು ತಂದವರು, ಅದರ ಗುಣದೋಷಗಳ ಕಾಗದಪತ್ರ ಉಳ್ಳವರು, ಅಳೆಯುವ ಉಪಕರಣ ಹೊಂದಿದವರು. ಕಂಪನಿಯ ಹೊಣೆಗೆ ಆಧಾರ ಇಲ್ಲಿದೆ. ಅದು ಧನಬಲಕ್ಕಿಂತ ಮೊದಲು ಜ್ಞಾನದ ಋಣ.

ಈ ತತ್ತ್ವ ನ್ಯಾಯಾಲಯಗಳಲ್ಲಿ ನೆಲೆಗೊಳ್ಳಲು ದೀರ್ಘಕಾಲ ಹಿಡಿಯಿತು. ಹತ್ತಿ ಗಿರಣಿಗಳ ಊರಾಗಿ ಹೆಸರು ಗಳಿಸಿದ ದಾವಣಗೆರೆಯವರಿಗೆ ಮೊದಲ ಪ್ರಕರಣ ಆಸಕ್ತಿಕರವೆನಿಸೀತು. ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ರೈಲೆಂಡ್ಸ್ ಎಂಬ ಹತ್ತಿ ಗಿರಣಿಯ ಒಡೆಯನು ತನ್ನ ಗಿರಣಿಗಾಗಿ ಒಂದು ಕೆರೆ ಕಟ್ಟಿಸಿದನು. ಕೆರೆಯಡಿಯ ಹಳೆಯ ಗಣಿಬಾವಿಗಳ ಮೂಲಕ ನೀರು ನುಗ್ಗಿ ನೆರೆಯವನ ಕಲ್ಲಿದ್ದಲ ಗಣಿ ಮುಳುಗಿತು. ಒಡೆಯನ ಕಡೆಯಿಂದ ಅಜಾಗ್ರತೆ ನಡೆದಿರಲಿಲ್ಲ. ಆದರೂ, ತಪ್ಪಿಸಿಕೊಂಡರೆ ಕೇಡು ಮಾಡುವ ವಸ್ತುವನ್ನು ತನ್ನ ನೆಲದಲ್ಲಿ ತಂದಿರಿಸಿದವನು ಅದರ ಹಾನಿಗೆ ಹೊಣೆಯೆಂದು 1868ರಲ್ಲಿ ತೀರ್ಪಾಯಿತು. ದೈವಿಕ ಘಟನೆ, ಮೂರನೆಯವನ ಕೃತ್ಯ ಮುಂತಾದ ಅಪವಾದಗಳು ಮಾತ್ರ ಕಾಲಕ್ರಮದಲ್ಲಿ ಸೇರಿಕೊಂಡು, ಜಾಣ ವಕೀಲನಿಗೆ ನುಸುಳಲು ಸಾಕಷ್ಟು ಬಾಗಿಲುಗಳಾದವು.

ಭಾರತದಲ್ಲಿ ಆ ಬಾಗಿಲುಗಳು ಮುಚ್ಚಿದುದು ಭೋಪಾಲದ ತರುವಾಯ. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಹೊರನುಗ್ಗಿ ಸಾವಿರಾರು ಜನ ಮಡಿದರು. ಮುಖಕ್ಕೆ ಒದ್ದೆ ಬಟ್ಟೆ ಹಿಡಿಯಬೇಕೆಂಬಷ್ಟು ಸುಲಭದ ಮಾತನ್ನೂ ಸುತ್ತಲಿನ ಬಡಾವಣೆಗಳಿಗೆ ಯಾರೂ ಹೇಳಿರಲಿಲ್ಲ. 1989ರಲ್ಲಿ ಕಂಪನಿಯು 47 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. 2010ರ ಜೂನ್ 7ರಂದು ಭೋಪಾಲದ ನ್ಯಾಯಾಲಯವು ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷಗಳ ಸಜೆ ವಿಧಿಸಿತು. ಸತ್ತವರ ಸಂಖ್ಯೆಯ ಮುಂದೆ ಈ ಎರಡು ಅಂಕಿಗಳನ್ನಿಟ್ಟು ನೋಡಿದರೆ, ಆಮೇಲೆ ಕೊಡುವ ಜವಾಬು ಎಷ್ಟರಮಟ್ಟಿನದೆಂಬುದು ವೇದ್ಯವಾಗುತ್ತದೆ.

ಭೋಪಾಲಕ್ಕೆ ಒಂದು ವರ್ಷ ತುಂಬಿದೊಡನೆ, 1985ರ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿದ್ದ ಸಂವಿಧಾನ ಪೀಠವು 1986ರ ಡಿಸೆಂಬರಿನಲ್ಲಿ ಆಂಗ್ಲ ನಿಯಮವನ್ನು ದಾಟಿ ನಡೆಯಿತು: ಅಪಾಯಕರ ಉದ್ಯಮ ನಡೆಸುವ ಸಂಸ್ಥೆಯ ಹೊಣೆ ಪರಿಪೂರ್ಣ, ಯಾವ ಅಪವಾದವೂ ಇಲ್ಲ, ಸಂಸ್ಥೆ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಾಗಬೇಕು. ಪೀಠವು ನೀಡಿದ ಕಾರಣಗಳಲ್ಲಿ ಒಂದು ಗಮನಾರ್ಹ. ಅಪಾಯವನ್ನು ಕಂಡುಹಿಡಿದು ಅದರಿಂದ ರಕ್ಷಿಸುವ, ಮುನ್ನೆಚ್ಚರಿಕೆ ನೀಡುವ ಸಾಧನ ಸಂಪತ್ತು ಸಂಸ್ಥೆಗೆ ಮಾತ್ರ ಇದೆ ಎಂಬುದೇ ಆ ಕಾರಣ.

ಶಾಸನವೂ ಹಿಂದುಳಿಯಲಿಲ್ಲ. 1948ರ ಕಾರ್ಖಾನೆಗಳ ಕಾಯಿದೆಗೆ 1987ರಲ್ಲಿ ಅಪಾಯಕರ ಪ್ರಕ್ರಿಯೆಗಳ ಬಗ್ಗೆ ಹೊಸದೊಂದು ಅಧ್ಯಾಯ ಸೇರಿತು. ಅಪಾಯಗಳ ವಿವರವನ್ನು ಕಾರ್ಮಿಕರಿಗೆ ಮಾತ್ರವಲ್ಲದೆ ಸುತ್ತಲಿನ ಜನರಿಗೂ ಸ್ಥಳೀಯ ಸಂಸ್ಥೆಗೂ ತಿಳಿಸುವುದು, ಕೆಲಸಕ್ಕೆ ಸೇರಿಸುವ ಮುನ್ನವೂ ಆಮೇಲೆ ನಿಯತವಾಗಿಯೂ ವೈದ್ಯಪರೀಕ್ಷೆ ಮಾಡಿಸುವುದು ಕಡ್ಡಾಯವಾಯಿತು. ಅಪಾಯ ಸನ್ನಿಹಿತವಾಗಿದೆಯೆಂದು ಎಚ್ಚರಿಸುವುದು ಕಾರ್ಮಿಕನ ಹಕ್ಕಾಯಿತು. ಈ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಬಂದಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿಯೂ ಈ ಅಂಶಗಳ ಸಾರವಿದೆ. ಹಳೆಯ ಕಾಯಿದೆಯ ಒಂದು ಪಾರಿಭಾಷಿಕ ಪದ ಮಾತ್ರ ಚಿಂತನಾರ್ಹ: ಹೊಣೆ ಹೊರಬೇಕಾದವನನ್ನು ಕನ್ನಡದ ಕಾನೂನು ಭಾಷೆ ‘ಅಧಿಭೋಗದಾರ’ ಎನ್ನುತ್ತದೆ. ಕಿವಿಗೆ ಒರಟಾದರೂ ಪದ ಸಾರ್ಥಕ. ಭೋಗ ಯಾರದೋ ಹೊಣೆ ಅವನದು. ಕಂಪನಿಗಳು ಯಾವನೋ ನೌಕರನನ್ನು ಅಧಿಭೋಗದಾರನೆಂದು ಹೆಸರಿಸಿ ನಿರ್ದೇಶಕರನ್ನು ಪಾರುಮಾಡುವ ಪ್ರಯತ್ನ ನಡೆಸಿದಾಗ, ನಿರ್ದೇಶಕರಲ್ಲೊಬ್ಬನೇ ಅಧಿಭೋಗದಾರನಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ನಿರ್ಣಯಿಸಿತು.

ಇನ್ನು ನದಿಯ ವಿಚಾರ. ಕುಮಾರಪಟ್ಟಣದ ತಿರುಳಿನ ಕಾರ್ಖಾನೆ ಆರಂಭವಾದಾಗ ಜಲಮಾಲಿನ್ಯ ಕಾಯಿದೆ ಇರಲಿಲ್ಲ. ಅದು ಬಂದದ್ದು 1974ರಲ್ಲಿ, ರಾಜ್ಯದ ಮಂಡಲಿ ಸ್ಥಾಪಿತವಾದದ್ದೂ ಅದೇ ವರ್ಷ. ಕೆಳಭಾಗದ ನಲವಾಗಿಲು, ಐರಣಿ ಮೊದಲಾದ ದಂಡೆಯ ಗ್ರಾಮಗಳ ಜನ ನೀರಿನ ಬಣ್ಣ ಕೆಟ್ಟಿತು, ಮೀನು ಸತ್ತವು, ಮೈಗೆ ತುರಿ ಬಂತು ಎಂದು 1980ರ ದಶಕದಲ್ಲಿ ದೂರಿದರು. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠರ ನೇತೃತ್ವದಲ್ಲಿ ಈ ದೂರನ್ನು ಎತ್ತಿಕೊಂಡಿತು. ಕಾರ್ಖಾನೆಗೆ ಮರ ಒದಗಿಸಲು ಸರ್ಕಾರವೂ ಕಂಪನಿಯೂ ಕೂಡಿ ಸ್ಥಾಪಿಸಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ಗೋಮಾಳ ಮುಂತಾದ ಸುಮಾರು 75,000 ಎಕರೆ ಭೂಮಿ ಮೀಸಲಾದಾಗ ಹೋರಾಟ ವಿಸ್ತಾರಗೊಂಡಿತು. ಡಾ. ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆದು ರೈತರು ನೀಲಗಿರಿ ಸಸಿ ಕಿತ್ತು ಉಪಯುಕ್ತ ಸಸಿಗಳನ್ನು ನೆಟ್ಟರು. ಪಲ್ಪ್‌ವುಡ್ ಸಂಸ್ಥೆ 1991ರಲ್ಲಿ ಮುಚ್ಚಿತು, ಕಾರ್ಖಾನೆ ಮುಚ್ಚಲಿಲ್ಲ. ಮುಚ್ಚಬೇಕೆಂಬುದು ವಿವೇಕವೂ ಅಲ್ಲ. ಕೇರಳದ ಮಾವೂರಿನಲ್ಲಿ ಇದೇ ಕಂಪನಿಯ ಕಾರ್ಖಾನೆಯು ಚಾಲಿಯಾರ್ ನದಿಯ ಜನರ ದೀರ್ಘ ಹೋರಾಟದ ಕೊನೆಗೆ ಬಾಗಿಲು ಹಾಕಿದಾಗ ನದಿಗೆ ಉಸಿರು ಬಂತು, ಕಾರ್ಮಿಕರ ಮನೆಗಳಲ್ಲಿ ಒಲೆ ಆರಿತು. ಅನ್ನವೋ ಆರೋಗ್ಯವೋ ಎಂಬ ಆಯ್ಕೆಯ ಮುಂದೆ ಬಡವನನ್ನು ತಂದು ನಿಲ್ಲಿಸುವುದೇ ಹೊಣೆಯ ಚ್ಯುತಿ.

ದಾವಣಗೆರೆ ನಗರದಲ್ಲಿ ಸಮಸ್ಯೆಯ ಮುಖ ಬೇರೆ. ಹತ್ತಿ ಗಿರಣಿಗಳ ಕಾಲದಲ್ಲಿ ಅರಳೆಯ ಧೂಳು ಶ್ವಾಸಕೋಶವನ್ನು ಹಿಡಿಯುತ್ತಿದ್ದುದಕ್ಕೆ ಉತ್ತರ ಹೇಳಲು ಒಬ್ಬ ಒಡೆಯನಾದರೂ ಇದ್ದನು. ಮಂಡಕ್ಕಿ ಭಟ್ಟಿಗಳ ಹೊಗೆಗೆ, ಹೊಟ್ಟಿನೊಡನೆ ಹಳೆಯ ಟೈರು ಸುಡುವ ಬಗ್ಗೆ ಎದ್ದ ಆಕ್ಷೇಪಗಳಿಗೆ ಉತ್ತರ ಹೇಳಬೇಕಾದವನು ತಾನೇ ಆ ಹೊಗೆಯಲ್ಲಿ ದುಡಿಯುವ ಬಡ ಭಟ್ಟಿಗಾರ. ವಿದ್ಯುತ್ ಬಳಸುವ ಘಟಕದಲ್ಲಿ 10 ಜನರಿದ್ದರೆ ಹಳೆಯ ಕಾಯಿದೆ ಅನ್ವಯಿಸುತ್ತಿತ್ತು. ಹೊಸ ಸಂಹಿತೆಯು ಕಾರ್ಖಾನೆಯೆಂಬ ಹೆಸರಿಗೆ 20 ಜನರನ್ನು ಬೇಡುತ್ತದೆ. ಇಲ್ಲಿ ಪೊಣೆ ನಿಲ್ಲಬೇಕಾದುದು ಸರ್ಕಾರವೇ.

ಮೊದಲು ಹೇಳಿದ ವಿಪರ್ಯಾಸಕ್ಕೆ ಮರಳಬೇಕು. 1956ರವರೆಗೆ ತುಂಗಭದ್ರೆಯ ಈಚೆ ಮೈಸೂರು, ಆಚೆ ಮುಂಬಯಿ. ಅನಂತರ ಈಚೆ ಚಿತ್ರದುರ್ಗ, ಆಚೆ ಧಾರವಾಡ ಜಿಲ್ಲೆ. 1997ರಿಂದ ಈಚೆ ದಾವಣಗೆರೆ, ಆಚೆ ಹಾವೇರಿ. ಅಪಾಯಕರ ರಾಸಾಯನಿಕಗಳ 1989ರ ನಿಯಮಗಳಂತೆ ಕಾರ್ಖಾನೆಯ ಆವರಣದೊಳಗಿನ ತುರ್ತು ಯೋಜನೆ ಅಧಿಭೋಗದಾರನದು, ಹೊರಗಿನದು ಜಿಲ್ಲಾಡಳಿತದ್ದು. ನೈಋತ್ಯ ಮಾರುತದ ತಿಂಗಳುಗಳಲ್ಲಿ ಪಡುವಣ ಗಾಳಿ ಹೊಳೆ ದಾಟುವಾಗ ಜಿಲ್ಲೆಯ ಗಡಿಯನ್ನು ವಿಚಾರಿಸುವುದಿಲ್ಲ. ಅದೇ ನಿಯಮಗಳು ಒಳಗಿನ ಅಣಕು ಅಭ್ಯಾಸವನ್ನು ಆರು ತಿಂಗಳಿಗೊಮ್ಮೆ, ಹೊರಗಿನದನ್ನು ವರ್ಷಕ್ಕೊಮ್ಮೆ ನಡೆಸಬೇಕೆನ್ನುತ್ತವೆ. ಅಪಘಾತದ ಸ್ವರೂಪವನ್ನೂ ಆಗ ಮಾಡಬೇಕಾದುದನ್ನೂ ಸುತ್ತಲಿನ ಜನರಿಗೆ ಮೊದಲೇ ತಿಳಿಸಬೇಕೆನ್ನುತ್ತವೆ. ಸೈರನ್ ಎಷ್ಟು ಸಲ ಕೂಗಿದರೆ ಏನರ್ಥ, ಮಕ್ಕಳನ್ನು ಕೊಠಡಿಯೊಳಗೆ ಕೂಡಿಸಿ ಬಾಗಿಲು ಹಾಕಬೇಕೇ ಅಥವಾ ಗಾಳಿಗೆ ಅಡ್ಡಲಾಗಿ ಹೊರಗೆ ಕರೆದೊಯ್ಯಬೇಕೇ ಎಂಬುದನ್ನು ಈಚೆ ದಂಡೆಯ ಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ಕಾಗದ ಬರೆದು ಕೇಳಿದರೆ, ಆ ಕಾಗದವನ್ನು ಎರಡು ಕಡೆಗೆ ಕಳುಹಿಸಬೇಕಾಗುತ್ತದೆ: ಒಂದು ಪ್ರತಿ ಹೊಳೆಯಾಚೆಯ ಕಾರ್ಖಾನೆಯ ಅಧಿಭೋಗದಾರನಿಗೆ, ಇನ್ನೊಂದು ದಾವಣಗೆರೆಯ ಜಿಲ್ಲಾಧಿಕಾರಿಗಳಿಗೆ.