ಮಕ್ಕಳ ಕೈಗೆ ಯಾವ ಪುಸ್ತಕ?

ಶಾಲೆಯ ವಾರ್ಷಿಕೋತ್ಸವಕ್ಕೆ ಬಹುಮಾನದ ಪುಸ್ತಕಗಳನ್ನು ಆಯುವ ಹೊಣೆ ಬಹುಕಾಲದಿಂದ ನಮ್ಮದು. ಹುಡುಗರಿಗೆ ಸಾಹಸದ ಕಥೆ, ವಿಜ್ಞಾನಿಗಳ ಚರಿತ್ರೆ; ಹುಡುಗಿಯರಿಗೆ ರಂಗವಲ್ಲಿ, ಪಾಕಶಾಸ್ತ್ರ, ಪತಿವ್ರತೆಯರ ಕಥೆ. ಹೀಗೆ ಎರಡು ಕಟ್ಟುಗಳನ್ನು ಮಾಡುವುದು ನಮಗೆ ಸಹಜವಾಗಿಯೇ ತೋರುತ್ತಿತ್ತು. ಒಮ್ಮೆ ಗಣಿತದಲ್ಲಿ ಮೊದಲಿಗಳಾದ ಏಳನೆಯ ತರಗತಿಯ ಬಾಲಿಕೆಯೊಬ್ಬಳು ಮರುದಿನ ಬಂದು, "ಮಾಷ್ಟ್ರೇ, ಆ ಅಡುಗೆಯ ಪುಸ್ತಕವನ್ನು ಅಮ್ಮನಿಗೆ ಕೊಟ್ಟೆ. ನನಗೆ ಓದಲು ಬೇರೆ ಉಂಟೇ?" ಎಂದು ಕೇಳಿದಳು. ಅವಳ ದನಿಯಲ್ಲಿ ದೂರಿರಲಿಲ್ಲ; ನಮಗೆ ಮಾತ್ರ ಉತ್ತರ ತೋಚಲಿಲ್ಲ.

ಅಂದು ಸಂಜೆ ಪುಸ್ತಕದ ಕಪಾಟನ್ನು ತೆರೆದು ಕುಳಿತೆವು. ಅಲ್ಲಿನ ಕಥೆಗಳಲ್ಲಿ ಊರು ಬಿಟ್ಟು ಹೊರಟವನು ಅಣ್ಣ; ಹೊಸ್ತಿಲಲ್ಲಿ ಕಾದವಳು ತಂಗಿ. ಕಾಸರಗೋಡಿನ ನಮ್ಮ ಕನ್ನಡ ತರಗತಿಗಳಲ್ಲಿ ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಮಲಯಾಳ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಕಪಾಟಿನಲ್ಲಿ ಅವರೆಲ್ಲರೂ ಇರಲಿಲ್ಲ. ಬಡವರ ಮಗು, ಕಾಲು ಸೋತ ಮಗು ಎಲ್ಲಿಯಾದರೂ ಕಂಡರೆ ಕನಿಕರಕ್ಕಾಗಿಯೇ ಕಂಡಿತ್ತು.

ಅಂದಿನಿಂದ ಪುಸ್ತಕವನ್ನು ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇವೆ. ಇದರೊಳಗಿನ ಹುಡುಗಿ ಒಂದಾದರೂ ನಿರ್ಧಾರವನ್ನು ತಾನೇ ಕೈಗೊಳ್ಳುವಳೇ? ಹುಡುಗ ಅತ್ತರೆ, ಪಾತ್ರೆ ತೊಳೆದರೆ ಕಥೆ ಅವನನ್ನು ನಗೆಗೀಡು ಮಾಡುವುದೇ? ನಮ್ಮಂತಲ್ಲದ ಮಗು ತನ್ನ ಬಾಯಿಂದಲೇ ಮಾತಾಡುವುದೇ?

ಹತ್ತು-ಹನ್ನೆರಡರ ವಯಸ್ಸಿಗೆ ಜಪಾನಿನ ತೆತ್ಸುಕೊ ಕುರೊಯಾನಾಗಿಯವರ 'ತೊತ್ತೋಚಾನ್' ಒಪ್ಪುವುದು. 1981ರಲ್ಲಿ ಪ್ರಕಟವಾದ ಈ ಬಾಲ್ಯಕಥನ ಕನ್ನಡದಲ್ಲಿಯೂ ದೊರೆಯುತ್ತದೆ. ಒಂದು ಶಾಲೆ ಹೊರಹಾಕಿದ ಪುಟ್ಟ ಹುಡುಗಿಯ ಮಾತನ್ನು ಮತ್ತೊಂದು ಶಾಲೆಯ ಮುಖ್ಯೋಪಾಧ್ಯಾಯರು ಮೊದಲ ದಿನವೇ ನಾಲ್ಕು ಗಂಟೆ ಕಾಲ ಆಲಿಸುತ್ತಾರೆ. ಪೋಲಿಯೋ ಪೀಡಿತನಾದ ಗೆಳೆಯನನ್ನು ಅವಳು ಮರ ಹತ್ತಿಸುವ ಪ್ರಸಂಗದಲ್ಲಿ ಕನಿಕರವಿಲ್ಲ, ಗೆಳೆತನವಿದೆ. ಹದಿಮೂರರ ಆಚೆಗೆ ಸಾವಿತ್ರಿಬಾಯಿ ಫುಲೆಯವರ ಜೀವನಚರಿತ್ರೆ ಇರಲಿ. 1848ರಲ್ಲಿ ಪುಣೆಯಲ್ಲಿ ಫುಲೆ ದಂಪತಿಗಳು ಹೆಣ್ಣುಮಕ್ಕಳ ಶಾಲೆ ತೆರೆದರು. ಅವರ ಶಾಲೆಯಲ್ಲಿ ಕಲಿತ ಮಾಂಗ್ ಜಾತಿಯ ಬಾಲಿಕೆ ಮುಕ್ತಾಬಾಯಿ 1855ರಲ್ಲಿ ತನ್ನವರ ಸಂಕಟವನ್ನು ಕುರಿತು ಬರೆದ ಪ್ರಬಂಧ ಅಚ್ಚಾಯಿತು.

ಹೈಸ್ಕೂಲು ಮುಗಿಸುವ ವಯಸ್ಸಿನವರಿಗೆ ನಮ್ಮ ಮಣ್ಣಿನವರೇ ಆದ ಸಾರಾ ಅಬೂಬಕ್ಕರ್ ಇದ್ದಾರೆ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, 2023ರಲ್ಲಿ ತೀರಿಕೊಂಡ ಅವರ ಮೊದಲ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ'. ತಂದೆಯ ಹಠದಿಂದ ಸಂಸಾರವನ್ನು ಕಳೆದುಕೊಳ್ಳುವ ನಾದಿರಾಳ ಕಥೆಯದು. ಇದನ್ನು ಓದಿ 'ಅದು ಅವರ ಮನೆಯ ದೋಷ' ಎಂದು ಮಕ್ಕಳು ಭಾವಿಸಬಾರದು. ಆದುದರಿಂದ ಜೊತೆಯಲ್ಲಿಯೇ ತ್ರಿವೇಣಿಯವರ 'ಶರಪಂಜರ'ವನ್ನೂ ಕೊಡುತ್ತೇವೆ. ಮನೋರೋಗದಿಂದ ಗುಣವಾಗಿ ಬಂದರೂ ಮನೆಯವರ ಮನಸ್ಸಿನಲ್ಲಿ ಸ್ಥಾನ ದೊರೆಯದ ಕಾವೇರಿಯ ಕಥೆ ಅದು. ಬಾಗಿಲು ಬೇರೆಯಾದರೂ ಒಳಗಿನ ಕಣ್ಣೀರು ಒಂದೇ ಎಂಬುದು ಆಗ ತಾನಾಗಿ ತಿಳಿಯುವುದು.

"ಇಂತಹವನ್ನು ಓದಿದರೆ ಹುಡುಗಿಯರು ಎದುರು ಮಾತಾಡುವುದಿಲ್ಲವೇ?" ಎಂದು ಪೋಷಕರೊಬ್ಬರು ಕೇಳಿದರು. ಮಾತಾಡಬಹುದು. ಆದರೆ ಎದುರಾಡಲು ಅರಿಯದ ಮಗಳು ನಾಳೆ ಕಷ್ಟದಲ್ಲಿ ಸಿಲುಕಿದಾಗ ತಂದೆಯೊಡನೆ ಬಾಯಿ ಬಿಡುವಳೇ? ಈ ಪುಸ್ತಕಗಳನ್ನು ಗಂಡುಮಕ್ಕಳೂ ಓದಲೇಬೇಕು. ಕೇಳುವವಳು ಒಬ್ಬಳೇ ಬದಲಾಗಿ, ಕೇಳಿಸಿಕೊಳ್ಳಬೇಕಾದವನು ಬದಲಾಗದೆ ಇದ್ದರೆ ಫಲವೇನು?

ಆ ಬಾಲಿಕೆಗೆ ಅಂದು ಹುಡುಗರ ಕಟ್ಟಿನಿಂದ ವಿಜ್ಞಾನಿಯೊಬ್ಬರ ಚರಿತ್ರೆಯನ್ನು ತೆಗೆದುಕೊಟ್ಟೆವು. ಮೂರೇ ದಿನಗಳಲ್ಲಿ ಓದಿ ಹಿಂದಿರುಗಿಸಿ, "ಹುಡುಗಿಯರು ಹೀಗೆ ಮಾಡಿದ್ದು ಉಂಟೇ?" ಎಂದಳು. ನಮ್ಮ ಕಪಾಟಿನಲ್ಲಿ ಅಂದು ಅದಕ್ಕೆ ಉತ್ತರವಿರಲಿಲ್ಲ. ಈಗ ಬಹುಮಾನದ ಕಟ್ಟು ಒಂದೇ. ತಾಯ್ತಂದೆಯರೇ, ಮುಂದಿನ ಬಾರಿ ಮಂಗಳೂರಿನ ಪುಸ್ತಕದ ಅಂಗಡಿಯ ಮೆಟ್ಟಿಲು ಹತ್ತಿದಾಗ ನಿಮ್ಮ ಮಗಳ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ.